ಬೇರುನಾಳ ಚಿಕಿತ್ಸೆಯಾದ ಹಲ್ಲು ಉಳಿಯಬೇಕಾದರೆ: ಪೋಸ್ಟ್ ಮತ್ತು ಸಿಮೆಂಟ್ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಪ್ರತಿ ವರ್ಷ ಸೆಪ್ಟೆಂಬರ್ 8ರ ತೆನೆ ಹಬ್ಬದಂದು ಇಗರ್ಜಿಯ ಅಂಗಳದಲ್ಲಿ ಮಕ್ಕಳಿಗೆ ಕಬ್ಬು ಹಂಚುವುದು ನಮ್ಮಲ್ಲಿ ವಾಡಿಕೆ. ಮಕ್ಕಳ ಜೊತೆಗೆ ದೊಡ್ಡವರೂ ಒಂದು ತುಂಡು ಕಚ್ಚಿ ನೋಡುತ್ತಾರೆ. ಕೆಲವು ವರ್ಷಗಳ ಹಿಂದೆ ಹೀಗೆ ಕಬ್ಬು ಕಚ್ಚಿದ ನಮ್ಮ ವಾಳೆಯ ಶಿಕ್ಷಕಿಯೊಬ್ಬರ ಮೇಲಿನ ಮುಂಭಾಗದ ಹಲ್ಲು ಕ್ಯಾಪ್ ಸಮೇತ ಕೈಗೆ ಬಂತು. ಕ್ಯಾಪಿನ ಒಳಗಿನಿಂದ ಬಿಳಿಯ ಕಡ್ಡಿಯೊಂದು ಹೊರಗೆ ಚಾಚಿಕೊಂಡಿತ್ತು. ಅವರು ಹೆದರಿ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ದಂತವೈದ್ಯರಲ್ಲಿಗೆ ಹೋದರು. ಬೇರಿಗೆ ಏನೂ ಆಗಿರಲಿಲ್ಲ. ನಾಳವನ್ನು ಶುಚಿ ಮಾಡಿ ಹೊಸ ಕಡ್ಡಿ ಕೂರಿಸಿ ಹಲ್ಲನ್ನು ಮತ್ತೆ ಕಟ್ಟಿದರು. ಆ ಹಲ್ಲು ಇಂದಿಗೂ ಇದೆ.

ಅದೇ ವಾಳೆಯ ಇನ್ನೊಬ್ಬ ಹಿರಿಯರ ಕಥೆ ಬೇರೆ. ಅವರ ಸಣ್ಣ ದವಡೆ ಹಲ್ಲಿನಲ್ಲಿ ದಪ್ಪ ಲೋಹದ ಸ್ಕ್ರೂ ಇತ್ತು. ಅದು ಎಂದೂ ಅಲುಗಿದ್ದಿಲ್ಲ. ಆದರೆ ಒಸಡಿನಲ್ಲಿ ಆಗಾಗ ಕೀವಿನ ಗುಳ್ಳೆ ಏಳುತ್ತಿತ್ತು. ಮಾತ್ರೆ ತಿಂದರೆ ಇಳಿಯುತ್ತಿತ್ತು, ತಿಂಗಳೆರಡು ಕಳೆದರೆ ಮತ್ತೆ ಬರುತ್ತಿತ್ತು. ಕೊನೆಗೆ ಪರೀಕ್ಷಿಸಿದಾಗ ಬೇರು ಉದ್ದಕ್ಕೆ ಸೀಳಿರುವುದು ತಿಳಿಯಿತು. ಹಲ್ಲು ಕೀಳದೆ ಬೇರೆ ದಾರಿ ಇರಲಿಲ್ಲ.

ಒಂದು ಕಡ್ಡಿ ಕಳಚಿ ಬಂತು, ಆದರೆ ಹಲ್ಲು ಉಳಿಯಿತು. ಇನ್ನೊಂದು ಗಟ್ಟಿಯಾಗಿ ನಿಂತಿತು, ಆದರೆ ಹಲ್ಲು ಹೋಯಿತು. ಇದು ಹೇಗೆ? ಇದಕ್ಕೆ ಉತ್ತರ ಆ ಕಡ್ಡಿ ಬೇರಿನೊಳಗೆ ಹೇಗೆ ಕುಳಿತಿತ್ತು ಮತ್ತು ಅದನ್ನು ಯಾವ ಸಿಮೆಂಟಿನಿಂದ ಅಂಟಿಸಲಾಗಿತ್ತು ಎಂಬುದರಲ್ಲಿದೆ. ರೂಟ್ ಕೆನಾಲ್ ಮಾಡಿಸಿಕೊಂಡವರು ಇಂದು ಮನೆಗೊಬ್ಬರಂತೆ ಇರುವುದರಿಂದ ಈ ವಿಷಯವನ್ನು ಸರಳವಾಗಿ ತಿಳಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಹಲ್ಲು ದುರ್ಬಲವಾಗುವುದು ಏಕೆ?

ಹುಳುಕು ಹಲ್ಲಿನ ನರವನ್ನು ತಲುಪಿದಾಗ ವೈದ್ಯರು ಹಲ್ಲಿನ ಮೇಲ್ಭಾಗದಲ್ಲಿ ರಂಧ್ರ ಮಾಡಿ, ಕೆಟ್ಟ ನರವನ್ನು ತೆಗೆದು, ನಾಳವನ್ನು ತೊಳೆದು, ಗಟಾ ಪರ್ಚ ಎಂಬ ರಬ್ಬರಿನಂಥ ವಸ್ತುವಿನಿಂದ ಅದನ್ನು ತುಂಬಿಸುತ್ತಾರೆ. ಇದೇ ಬೇರುನಾಳ ಚಿಕಿತ್ಸೆ. ನರ ತೆಗೆದ ಹಲ್ಲು ಒಣಗಿ ಕಟ್ಟಿಗೆಯಂತೆ ಆಗುತ್ತದೆ, ಆದ್ದರಿಂದ ಒಡೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. 1992ರಲ್ಲಿ ಸೆಜ್ಲಿ ಮತ್ತು ಮೆಸ್ಸರ್ ಎಂಬ ಸಂಶೋಧಕರು ನರವಿರುವ ಮತ್ತು ನರ ತೆಗೆದ ಹಲ್ಲುಗಳನ್ನು ಹೋಲಿಸಿ ನೋಡಿದಾಗ ಡೆಂಟಿನ್‌ನ ಗಟ್ಟಿತನದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಿಜವಾದ ಕಾರಣ ಹಲ್ಲಿನ ಗೋಡೆಗಳು ಕಡಿಮೆಯಾಗುವುದು. 1989ರಲ್ಲಿ ರೀಹ್, ಮೆಸ್ಸರ್ ಮತ್ತು ಡಗ್ಲಾಸ್ ನಡೆಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ರೂಟ್ ಕೆನಾಲ್‌ಗಾಗಿ ಕೊರೆದ ರಂಧ್ರದಿಂದ ಹಲ್ಲಿನ ಬಿಗಿತನ ಶೇಕಡಾ 5ರಷ್ಟು ಮಾತ್ರ ಕಡಿಮೆಯಾಯಿತು. ಆದರೆ ಹಲ್ಲಿನ ಎರಡೂ ಪಕ್ಕದ ಅಂಚುಗಳು ಹೋದಾಗ ಅದು ಶೇಕಡಾ 63ರಷ್ಟು ಕುಸಿಯಿತು. ಅಂದರೆ ಹಲ್ಲನ್ನು ಸೊರಗಿಸುವುದು ರೂಟ್ ಕೆನಾಲ್ ಅಲ್ಲ. ಅದಕ್ಕೆ ಮೊದಲೇ ಹುಳುಕು ತಿಂದು ಹಾಕಿದ ಭಾಗ. ಎರಡೂ ಬದಿಯ ಗೋಡೆ ಕುಸಿದ ಮನೆಗೆ ಮಾಡು ಹೊದಿಸುವುದು ಎಷ್ಟು ಕಷ್ಟವೋ, ಅಂಚುಗಳು ಹೋದ ಹಲ್ಲಿಗೆ ಕ್ಯಾಪ್ ಕೂರಿಸುವುದೂ ಅಷ್ಟೇ ಕಷ್ಟ.

ಪೋಸ್ಟ್ ಎಂದರೇನು?

ಹಲ್ಲಿನ ಮೇಲ್ಭಾಗ ಬಹುಪಾಲು ಹೋಗಿದ್ದು ಬೇರು ಮಾತ್ರ ಗಟ್ಟಿಯಾಗಿದ್ದಾಗ, ಬೇರಿನ ನಾಳದೊಳಗೆ ಒಂದು ಕಡ್ಡಿಯನ್ನು ಇಳಿಸಲಾಗುತ್ತದೆ. ಇದಕ್ಕೆ ಪೋಸ್ಟ್ ಎಂದು ಹೆಸರು. ಅದರ ಮೇಲೆ ಕಟ್ಟುವ ಚಿಕ್ಕ ದಿಂಡು ಕೋರ್. ಕೋರ್ ಮೇಲೆ ಕೂರುವುದು ಕ್ಯಾಪ್.

ಇದು ಹೊಸ ಉಪಾಯವೇನಲ್ಲ. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಷಾರ್ 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲೇ ಬೇರಿನೊಳಗೆ ಲೋಹದ ಕಡ್ಡಿ ಕೂರಿಸಿ ಕೃತಕ ಹಲ್ಲು ನಿಲ್ಲಿಸುವ ಬಗ್ಗೆ ಬರೆದಿದ್ದರು. ಆಮೇಲೆ ಮರದ ಕಡ್ಡಿಗಳೂ ಬಳಕೆಗೆ ಬಂದವು. ಬಾಯಿಯ ತೇವ ಹೀರಿ ಮರ ಉಬ್ಬುತ್ತಿದ್ದುದರಿಂದ ಅವು ಬಿಗಿಯಾಗಿ ನಿಲ್ಲುತ್ತಿದ್ದವು. ಆದರೆ ಅದೇ ಉಬ್ಬು ಕೆಲವೊಮ್ಮೆ ಬೇರನ್ನೇ ಸೀಳುತ್ತಿತ್ತು. ಬಿಗಿಯಾಗಿ ನಿಲ್ಲಬೇಕು, ಬೇರು ಸೀಳಬಾರದು ಎಂಬ ಈ ತೊಡಕು ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸುವುದು ಅಗತ್ಯ. ಪೋಸ್ಟ್ ಹಾಕಿದರೆ ಹಲ್ಲು ಬಲಗೊಳ್ಳುತ್ತದೆ ಎಂಬುದು ಸರಿಯಲ್ಲ. ಅದರ ಕೆಲಸ ಕೋರನ್ನು ಹಿಡಿದಿಡುವುದು ಮಾತ್ರ. 1984ರಲ್ಲಿ ಸೊರೆನ್ಸನ್ ಮತ್ತು ಮಾರ್ಟಿನಾಫ್ ಅವರು ಬೇರುನಾಳ ಚಿಕಿತ್ಸೆಯಾದ 1,273 ಹಲ್ಲುಗಳ ದಾಖಲೆಗಳನ್ನು ಪರಿಶೀಲಿಸಿದರು. ಹಿಂಬದಿಯ ಹಲ್ಲುಗಳ ಉಳಿವಿಗೆ ಕ್ಯಾಪ್ ಬಹಳ ಸಹಾಯ ಮಾಡಿತ್ತು, ಆದರೆ ಪೋಸ್ಟ್ ಹಾಕಿದ್ದರಿಂದ ಹಲ್ಲಿನ ಬಲ ಹೆಚ್ಚಿದ್ದು ಕಂಡುಬರಲಿಲ್ಲ. ಆದ್ದರಿಂದ ಸಾಕಷ್ಟು ಗೋಡೆ ಉಳಿದಿರುವ ಹಲ್ಲಿಗೆ ಪೋಸ್ಟ್ ಬೇಕಿಲ್ಲ. ದೊಡ್ಡ ದವಡೆ ಹಲ್ಲುಗಳಲ್ಲಿ ನರದ ಕೋಣೆಯೇ ವಿಶಾಲವಾಗಿರುವುದರಿಂದ ಕೋರ್ ಅಲ್ಲೇ ನೆಲೆ ನಿಲ್ಲುತ್ತದೆ.

ಅಳತೆ ಸರಿಯಿರಬೇಕು

ನಮ್ಮ ತೋಟದ ಕತ್ತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕತ್ತಿಯ ಬಾಲ ಮರದ ಹಿಡಿಯೊಳಗೆ ಹೋಗಿ ಕುಳಿತಿರುತ್ತದೆ. ಬಾಲ ಗಿಡ್ಡವಾದರೆ ಎರಡು ಏಟಿಗೆ ಹಿಡಿ ಕಳಚುತ್ತದೆ. ಬಾಲ ದಪ್ಪವಾದರೆ ಹಿಡಿ ಸೀಳುತ್ತದೆ. ತೂತು ಅಗಲವಾದರೆ ಗಡಗಡ ಅಲುಗುತ್ತದೆ. ಪೋಸ್ಟಿನ ಲೆಕ್ಕವೂ ಹೀಗೆಯೇ.

ಮೊದಲನೆಯದು ಉದ್ದ. ಪೋಸ್ಟ್ ಕನಿಷ್ಠ ಪಕ್ಷ ಕ್ಯಾಪಿನ ಎತ್ತರದಷ್ಟಾದರೂ ಆಳಕ್ಕೆ ಇಳಿಯಬೇಕು ಎಂಬುದು ಹಳೆಯ ನಿಯಮ. ಆದರೆ ಬೇರಿನ ತುದಿಯಲ್ಲಿ 4ರಿಂದ 5 ಮಿಲಿಮೀಟರ್ ಗಟಾ ಪರ್ಚವನ್ನು ಮುಟ್ಟದೆ ಬಿಡಲೇಬೇಕು. ಇಲ್ಲವಾದರೆ ತುದಿಯ ಮುದ್ರೆ ಒಡೆದು ಸೋಂಕು ಎಲುಬಿಗೆ ದಾರಿ ಕಂಡುಕೊಳ್ಳುತ್ತದೆ. ಮೇಲಿನ ಮುಂಭಾಗದ ಹಲ್ಲಿನ ಬೇರು ಸರಾಸರಿ ಸುಮಾರು 13 ಮಿಲಿಮೀಟರ್. ಅದರಲ್ಲಿ 5 ಬಿಟ್ಟರೆ ಪೋಸ್ಟಿಗೆ ಉಳಿಯುವುದು 8 ಮಾತ್ರ. ಕ್ಯಾಪಿನ ಎತ್ತರವಾದರೋ ಸುಮಾರು 10. ಒಸಡಿನ ಮೇಲೆ ಸ್ವಂತ ಹಲ್ಲಿನ 2 ಮಿಲಿಮೀಟರ್ ಉಳಿದಿದ್ದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ.

ಎರಡನೆಯದು ದಪ್ಪ. ಪೋಸ್ಟಿನ ದಪ್ಪ ಬೇರಿನ ಅಗಲದ ಮೂರನೇ ಒಂದು ಭಾಗವನ್ನು ಮೀರಬಾರದು, ಸುತ್ತಲೂ ಕನಿಷ್ಠ 1 ಮಿಲಿಮೀಟರ್ ಡೆಂಟಿನ್ ಉಳಿದಿರಬೇಕು. ದಪ್ಪ ಪೋಸ್ಟ್ ಹಾಕಿದರೆ ಹಿಡಿತ ಹೆಚ್ಚುತ್ತದೆ ಎಂದು ನಾಳವನ್ನು ಅಗಲಿಸಿದರೆ ಹಿಡಿತಕ್ಕೆ ಸಿಗುವ ಲಾಭ ಅತ್ಯಲ್ಪ, ಬೇರಿಗೆ ಆಗುವ ನಷ್ಟ ಬಹಳ.

ಮೂರನೆಯದು ಆಕಾರ. ಕೆಳಗೆ ಸಪೂರವಾಗುತ್ತಾ ಹೋಗುವ ಪೋಸ್ಟ್ ಬೇರಿನ ಸಹಜ ಆಕಾರಕ್ಕೆ ಹೊಂದುತ್ತದೆ. ಆದರೆ ಕಚ್ಚಿದಾಗಲೆಲ್ಲ ಸೀಳುಬೆಣೆಯಂತೆ ವರ್ತಿಸುತ್ತದೆ, ಹಿಡಿತವೂ ಕಡಿಮೆ. ಮೇಲಿಂದ ಕೆಳಗೆ ಒಂದೇ ದಪ್ಪವಿರುವ ಪೋಸ್ಟಿಗೆ ಹಿಡಿತ ಹೆಚ್ಚು. ಆದರೆ ಅದಕ್ಕಾಗಿ ಬೇರಿನ ತುದಿಯ ಕಡೆ ಹೆಚ್ಚು ಕೊರೆಯಬೇಕಾಗುತ್ತದೆ. ಸ್ಕ್ರೂವಿನಂತೆ ತಿರುಗಿಸಿ ಕೂರಿಸುವ ಪೋಸ್ಟಿಗೆ ಎಲ್ಲಕ್ಕಿಂತ ಹೆಚ್ಚಿನ ಹಿಡಿತ, ಎಲ್ಲಕ್ಕಿಂತ ಹೆಚ್ಚಿನ ಅಪಾಯ. ಅದರ ಎಳೆಗಳು ಡೆಂಟಿನನ್ನು ಕಚ್ಚಿ ಹಿಡಿಯುವಾಗಲೇ ಬೇರಿನಲ್ಲಿ ಒತ್ತಡ ತುಂಬುತ್ತವೆ. ನಮ್ಮ ಹಿರಿಯರ ಹಲ್ಲಿನಲ್ಲಿ ಇದ್ದದ್ದು ಇದೇ.

ನಾಲ್ಕನೆಯದು ಮತ್ತು ಬಹುಮುಖ್ಯವಾದುದು, ಬಳೆ. ಕತ್ತಿಯ ಹಿಡಿ ಸೀಳದಿರಲೆಂದು ಅದರ ಕುತ್ತಿಗೆಗೆ ಕಬ್ಬಿಣದ ಬಳೆ ತೊಡಿಸುವುದನ್ನು ನೋಡಿದ್ದೇವೆ. ಹಲ್ಲಿನಲ್ಲಿ ಈ ಬಳೆಯ ಕೆಲಸ ಮಾಡುವುದು ಕ್ಯಾಪಿನ ಕೆಳ ಅಂಚು. ಅದು ಕೋರನ್ನು ಮಾತ್ರ ಅಪ್ಪಿಕೊಂಡರೆ ಸಾಲದು. ಅದರ ಕೆಳಗೆ ಸ್ವಂತ ಹಲ್ಲಿನ 1.5ರಿಂದ 2 ಮಿಲಿಮೀಟರ್ ಎತ್ತರದ ಗೋಡೆಯನ್ನು ಸುತ್ತಲೂ ಅಪ್ಪಿಕೊಂಡಿರಬೇಕು. ಇದಕ್ಕೆ ಫೆರೂಲ್ ಎನ್ನುತ್ತಾರೆ. ಫೆರೂಲ್ ಇರುವ ಹಲ್ಲಿನಲ್ಲಿ ಪೋಸ್ಟ್ ಮತ್ತು ಸಿಮೆಂಟಿನ ಮೇಲೆ ಬೀಳುವ ಭಾರ ಹಗುರವಾಗುತ್ತದೆ. ಗೋಡೆ ಒಸಡಿನ ಮಟ್ಟಕ್ಕೆ ಸವೆದಿದ್ದರೆ ಒಸಡನ್ನೂ ಎಲುಬನ್ನೂ ಸ್ವಲ್ಪ ತಗ್ಗಿಸಿ ಅಥವಾ ತಂತಿಯ ಸಹಾಯದಿಂದ ಬೇರನ್ನು ಮೆಲ್ಲನೆ ಮೇಲಕ್ಕೆ ಎಳೆದು ಫೆರೂಲ್ ಪಡೆಯಬಹುದು. ಅದೂ ಆಗದಿದ್ದರೆ ಹಲ್ಲನ್ನು ಉಳಿಸುವುದು ವಿವೇಕವೇ ಎಂದು ಕೇಳಬೇಕಾಗುತ್ತದೆ.

ಲೋಹವೋ, ನಾರಿನದೋ?

ಹಿಂದೆ ನಾಳದ ಅಚ್ಚು ತೆಗೆದು ಅದೇ ಆಕಾರದಲ್ಲಿ ಲೋಹವನ್ನು ಎರಕ ಹೊಯ್ದು ಪೋಸ್ಟ್ ಮತ್ತು ಕೋರನ್ನು ಒಂದೇ ತುಂಡಾಗಿ ಮಾಡುತ್ತಿದ್ದರು. ಈಗಲೂ ಮಾಡುತ್ತಾರೆ. ಅಗಲವಾದ ಅಥವಾ ಮೊಟ್ಟೆಯಾಕಾರದ ನಾಳಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಸಿದ್ಧವಾಗಿ ಸಿಗುವ ಸ್ಟೀಲ್ ಮತ್ತು ಟೈಟಾನಿಯಂ ಪೋಸ್ಟ್‌ಗಳೂ ಬಹಳ ಕಾಲ ಬಳಕೆಯಲ್ಲಿದ್ದವು. 1990ರಲ್ಲಿ ಫ್ರಾನ್ಸಿನ ಡ್ಯೂರೆ ಮತ್ತು ಸಂಗಡಿಗರು ಇಂಗಾಲದ ನಾರಿನ ಪೋಸ್ಟನ್ನು ಪರಿಚಯಿಸಿದರು. ಅದು ಕಪ್ಪಾಗಿದ್ದುದರಿಂದ ಮುಂದೆ ಗಾಜಿನ ನಾರಿನ ಬಿಳಿ ಪೋಸ್ಟ್‌ಗಳು ಬಂದವು. ಶಿಕ್ಷಕಿಯ ಹಲ್ಲಿನಿಂದ ಹೊರಬಂದದ್ದು ಇಂಥದ್ದೇ.

ಎರಡರ ನಡುವಿನ ಮುಖ್ಯ ವ್ಯತ್ಯಾಸ ಬಾಗುವ ಗುಣದಲ್ಲಿದೆ. ಡೆಂಟಿನ್‌ನ ಬಿಗಿತನ ಸುಮಾರು 18 ಗಿಗಾಪಾಸ್ಕಲ್. ಸ್ಟೀಲಿನದು ಸುಮಾರು 200, ಟೈಟಾನಿಯಂನದು ಸುಮಾರು 110. ನಾರಿನ ಪೋಸ್ಟ್ ಡೆಂಟಿನ್‌ಗೆ ಬಹಳ ಹತ್ತಿರ. ಕಚ್ಚಿದಾಗ ಬೇರು ಕೊಂಚ ಬಾಗುತ್ತದೆ. ನಾರಿನ ಪೋಸ್ಟ್ ಅದರ ಜೊತೆಗೆ ಬಾಗುತ್ತದೆ, ಲೋಹದ್ದು ಬಾಗದೆ ತನ್ನ ಸುತ್ತಲಿನ ತೆಳು ಗೋಡೆಯ ಮೇಲೆ ಭಾರ ಹಾಕುತ್ತದೆ. ಹಾಗಾಗಿ ಕೆಡುವ ರೀತಿಯೂ ಬೇರೆ. ನಾರಿನ ಪೋಸ್ಟ್ ಸಾಮಾನ್ಯವಾಗಿ ಅಂಟು ಬಿಟ್ಟು ಕಳಚುತ್ತದೆ, ಅದನ್ನು ಮತ್ತೆ ಸರಿಪಡಿಸಬಹುದು. ಲೋಹದ ಪೋಸ್ಟ್ ಕಳಚುವುದುಂಟು. ಆದರೆ ಬೇರು ಸೀಳಿದರೆ ಮಾತ್ರ ಸರಿಪಡಿಸಲಾಗದು.

ಸಿಮೆಂಟ್ ಯಾವುದು?

ಪೋಸ್ಟಿಗೂ ನಾಳದ ಗೋಡೆಗೂ ನಡುವಿನ ಕೂದಲೆಳೆಯಷ್ಟು ಜಾಗವನ್ನು ತುಂಬುವುದು ಸಿಮೆಂಟ್. ಇದರಲ್ಲಿ ಮುಖ್ಯವಾಗಿ ಮೂರು ಬಗೆ.

ಜಿಂಕ್ ಫಾಸ್ಫೇಟ್ ಹತ್ತೊಂಬತ್ತನೇ ಶತಮಾನದಿಂದ ಬಂದದ್ದು. ಇದು ನಿಜವಾಗಿ ಅಂಟುವುದಿಲ್ಲ. ಗೋಡೆಯ ಮತ್ತು ಪೋಸ್ಟಿನ ಒರಟು ಮೈಯೊಳಗೆ ಸೇರಿ ಗಟ್ಟಿಯಾಗಿ, ಕೀಲಿನಂತೆ ಹಿಡಿಯುತ್ತದೆ. ಆದ್ದರಿಂದ ಅಳತೆ ಚೆನ್ನಾಗಿ ಹೊಂದಿದ, ಸಾಕಷ್ಟು ಉದ್ದವಿರುವ ಲೋಹದ ಪೋಸ್ಟಿಗೆ ಇದು ಸಾಕು, ಬೇಕಾದರೆ ಮುಂದೆ ಪೋಸ್ಟನ್ನು ತೆಗೆಯುವುದೂ ಸುಲಭ. ಸಡಿಲವಾದ ಅಥವಾ ಗಿಡ್ಡ ಪೋಸ್ಟನ್ನು ಇದು ಕಾಪಾಡಲಾರದು.

ಗ್ಲಾಸ್ ಅಯೊನೊಮರ್ ಸಿಮೆಂಟನ್ನು ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ ಅವರು ಅಭಿವೃದ್ಧಿಪಡಿಸಿ 1972ರಲ್ಲಿ ಪ್ರಕಟಿಸಿದರು. ಇದು ಡೆಂಟಿನ್‌ಗೆ ರಾಸಾಯನಿಕವಾಗಿ ಅಂಟುತ್ತದೆ, ಫ್ಲೋರೈಡನ್ನೂ ಬಿಡುಗಡೆ ಮಾಡುತ್ತದೆ. ಆದರೆ ಪೂರ್ಣ ಬಲ ಬರಲು ಒಂದು ದಿನವಾದರೂ ಬೇಕು. ಅಂಟಿಸಿದ ಕೂಡಲೇ ಅದೇ ಹಲ್ಲಿನ ಮೇಲೆ ಯಂತ್ರ ಇಟ್ಟು ಕೊರೆದರೆ ಹಿಡಿತ ಕೆಡುತ್ತದೆ. ಗಾರೆ ಒಣಗುವ ಮೊದಲೇ ಗೋಡೆಗೆ ಮೊಳೆ ಹೊಡೆದಂತೆ!

ರೆಸಿನ್ ಸಿಮೆಂಟ್ ಮೂರನೆಯದು. ಡೆಂಟಿನ್ ಮತ್ತು ನಾರಿನ ಪೋಸ್ಟ್ ಎರಡಕ್ಕೂ ಅಂಟುವುದರಿಂದ ನಾರಿನ ಪೋಸ್ಟಿಗೆ ಸಾಮಾನ್ಯವಾಗಿ ಇದನ್ನೇ ಬಳಸುತ್ತಾರೆ. ಇದರ ಹಿಡಿತ ಹೆಚ್ಚು, ಆದರೆ ಇದು ಬಹಳ ಮುತುವರ್ಜಿ ಬೇಡುವ ವಸ್ತು. ನಾಳದ ಗೋಡೆಯಲ್ಲಿ ಹಳೆಯ ಗಟಾ ಪರ್ಚದ ಲೇಪ ಉಳಿದಿದ್ದರೆ ಅಂಟು ಹಿಡಿಯದು. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಅಂಶ ಹಿಂದಿನ ತುಂಬುವಿಕೆಯಿಂದ ಉಳಿದಿದ್ದರೆ ರೆಸಿನ್ ಸರಿಯಾಗಿ ಗಟ್ಟಿಯಾಗದು. ನಾಳ ತೊಳೆಯಲು ಬಳಸುವ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ ಕೊನೆಯಲ್ಲಿ ಉಳಿದುಬಿಟ್ಟರೂ ಅಂಟು ಸೊರಗುತ್ತದೆ. ನೀಲಿ ಬೆಳಕು ನಾಳದ ಆಳಕ್ಕೆ ತಲುಪದು, ಹಾಗಾಗಿ ಬೆಳಕಿಲ್ಲದೆಯೂ ತಾನಾಗಿ ಗಟ್ಟಿಯಾಗುವ ಗುಣವಿರುವ ರೆಸಿನ್ ಬೇಕು. 2000ರ ದಶಕದ ಆರಂಭದಿಂದ ಬಳಕೆಗೆ ಬಂದ, ಪ್ರತ್ಯೇಕ ಲೇಪನ ಬೇಡದ ಸ್ವಯಂ ಅಂಟುವ ರೆಸಿನ್‌ಗಳು ಈ ಹಂತಗಳನ್ನು ಕಡಿಮೆ ಮಾಡಿವೆ. ಶುಚಿತ್ವದ ಅಗತ್ಯವನ್ನು ಮಾತ್ರ ಕಡಿಮೆ ಮಾಡಿಲ್ಲ.

ಸಿಮೆಂಟ್ ಅಳತೆಯ ತಪ್ಪನ್ನು ಮುಚ್ಚೀತೇ?

ಒಳ್ಳೆಯ ಅಂಟು ಇದ್ದರೆ ಪೋಸ್ಟ್ ಸ್ವಲ್ಪ ಸಡಿಲವಿದ್ದರೂ ಪರವಾಗಿಲ್ಲ ಎಂಬ ಅಭಿಪ್ರಾಯವುಂಟು. ಇದು ಅರ್ಧ ಸತ್ಯ. ರೆಸಿನ್ ಸಣ್ಣಪುಟ್ಟ ಅಂತರವನ್ನು ತುಂಬಿಕೊಡುತ್ತದೆ ನಿಜ. ಆದರೆ ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ. ನಾಳ ಎಂದರೆ ಸುತ್ತಲೂ ಗೋಡೆಯಿರುವ ಬಾವಿ. ಕುಗ್ಗುವ ರೆಸಿನ್‌ಗೆ ಸರಿದುಕೊಳ್ಳಲು ಜಾಗವಿಲ್ಲದೆ ಅದು ಗೋಡೆಯಿಂದಲೇ ಕಿತ್ತುಕೊಳ್ಳುತ್ತದೆ. ಪದರ ದಪ್ಪವಾದಂತೆ ಕುಗ್ಗುವಿಕೆಯೂ ಹೆಚ್ಚು, ಒಳಗೆ ಸಿಕ್ಕಿಕೊಳ್ಳುವ ಗಾಳಿಗುಳ್ಳೆಗಳೂ ಹೆಚ್ಚು. ಅಗಲವಾದ ನಾಳಕ್ಕೆ ಸಪೂರ ನಾರಿನ ಪೋಸ್ಟ್ ಹಾಕಿ ಸುತ್ತಲೂ ಸಿಮೆಂಟ್ ತುಂಬಿದರೆ ಆಗುವುದು ಇದೇ. ಇಂಥಲ್ಲಿ ಪೋಸ್ಟಿನ ಸುತ್ತ ಕಾಂಪೊಸಿಟ್ ಮೆತ್ತಿ, ನಾಳದೊಳಗಿಟ್ಟು ಅದೇ ಆಕಾರ ಬರಿಸಿ, ಆಮೇಲೆ ತೆಳುವಾದ ಸಿಮೆಂಟಿನಿಂದ ಅಂಟಿಸುವ ಕ್ರಮವಿದೆ.

ತೀರಾ ಬಿಗಿಯಾದರೂ ತೊಂದರೆಯೇ. ಎರಕದ ಪೋಸ್ಟನ್ನು ಒತ್ತುವಾಗ ಹೆಚ್ಚಿನ ಸಿಮೆಂಟ್ ಹೊರಬರಲು ದಾರಿಯಿಲ್ಲದಿದ್ದರೆ ಪೋಸ್ಟ್ ತಳ ಮುಟ್ಟದೆ ಮೇಲೆಯೇ ನಿಲ್ಲುತ್ತದೆ, ಒಳಗಿನ ಒತ್ತಡ ಬೇರಿಗೆ ಅಪಾಯ. ಅದಕ್ಕಾಗಿ ಪೋಸ್ಟಿನ ಪಕ್ಕದಲ್ಲಿ ಸಣ್ಣ ಗೀರು ಬಿಡುತ್ತಾರೆ. ಪೋಸ್ಟ್ ಜಬರ್ದಸ್ತಿಯಿಲ್ಲದೆ ಇಳಿಯಬೇಕು, ಇಳಿದ ಮೇಲೆ ಅಲುಗಬಾರದು. ಇದೇ ಸರಿಯಾದ ಅಳತೆ.

ಶಿಕ್ಷಕಿಯ ಹಲ್ಲಿನಲ್ಲಿ ಸಿಮೆಂಟಿನ ದಪ್ಪ ಪದರ ಪೂರ್ತಿಯಾಗಿ ಪೋಸ್ಟಿಗೇ ಅಂಟಿಕೊಂಡು ಬಂದಿತ್ತು, ನಾಳದ ಗೋಡೆಯಲ್ಲಿ ಏನೂ ಉಳಿದಿರಲಿಲ್ಲ. ಗೋಡೆಗೆ ಅಂಟು ಹಿಡಿದಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಎರಡನೇ ಬಾರಿ ನಾಳವನ್ನು ಚೆನ್ನಾಗಿ ಶುಚಿ ಮಾಡಿ, ಹೊಂದುವ ಪೋಸ್ಟ್ ಹಾಕಿದ್ದರಿಂದ ಅದು ನಿಂತಿತು. ಹಿರಿಯರ ಹಲ್ಲಿನಲ್ಲಿ ಹಿಡಿತಕ್ಕೆ ಕೊರತೆಯಿರಲಿಲ್ಲ. ಆ ಹಿಡಿತಕ್ಕಾಗಿ ಬೇರಿನ ಗೋಡೆಯೇ ಬೆಲೆ ತೆತ್ತಿತ್ತು.

ನಾವು ಮಾಡಬೇಕಾದದ್ದೇನು?

ರೂಟ್ ಕೆನಾಲ್ ಮುಗಿದು ನೋವು ನಿಂತ ಕೂಡಲೇ ಹಲವರು ಕ್ಯಾಪ್ ಮಾಡಿಸದೆ ಬಿಟ್ಟುಬಿಡುತ್ತಾರೆ. ಹಣದ ಅಡಚಣೆಯೇ ಇದಕ್ಕೆ ಮುಖ್ಯ ಕಾರಣ ಎಂಬುದನ್ನು ನಾವು ಬಲ್ಲೆವು. ಆದರೆ ತಾತ್ಕಾಲಿಕ ಸಿಮೆಂಟ್ ಸೋರುತ್ತದೆ, ಜೊಲ್ಲಿನೊಡನೆ ಸೋಂಕು ಮತ್ತೆ ಒಳಗಿಳಿಯುತ್ತದೆ. 1995ರಲ್ಲಿ ರೇ ಮತ್ತು ಟ್ರೋಪ್ ಅವರು 1,010 ಹಲ್ಲುಗಳ ಎಕ್ಸ್‌ರೇ ಪರಿಶೀಲಿಸಿ, ಬೇರಿನ ತುದಿಯ ಆರೋಗ್ಯಕ್ಕೆ ಮೇಲಿನ ಕಟ್ಟಡದ ಗುಣಮಟ್ಟ ಬಹಳ ಮುಖ್ಯ ಎಂದು ತೋರಿಸಿದರು. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳ ದಂತ ಕಾಲೇಜು ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ. ನಾಲ್ಕು ಬಾರಿ ಹೆಚ್ಚು ಹೋಗಬೇಕಾದೀತು, ಅಷ್ಟೇ.

ಪೋಸ್ಟ್ ಹಾಕುವ ಮೊದಲು ವೈದ್ಯರಲ್ಲಿ ವಿನಯದಿಂದ ಕೇಳಬಹುದಾದ ಪ್ರಶ್ನೆಗಳಿವೆ. ಈ ಹಲ್ಲಿಗೆ ಪೋಸ್ಟ್ ಬೇಕೇ ಬೇಕೇ? ಸುತ್ತಲೂ ಎಷ್ಟು ಸ್ವಂತ ಹಲ್ಲು ಉಳಿದಿದೆ? ಯಾವ ಪೋಸ್ಟ್, ಯಾವ ಸಿಮೆಂಟ್? ಪೋಸ್ಟ್ ಕೂರಿಸಿದ ಮೇಲೆ ಎಕ್ಸ್‌ರೇ ತೆಗೆಯುತ್ತೀರಾ? ಹೀಗೆ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಕ್ಯಾಪ್ ಅಲುಗಿದರೆ ಅಥವಾ ಅದರ ಬುಡದಿಂದ ದುರ್ವಾಸನೆ ಬಂದರೆ ತಡಮಾಡಬಾರದು. ಸಿಮೆಂಟ್ ಒಂದು ಬದಿ ಬಿಟ್ಟಿರಬಹುದು, ಒಳಗೆ ಹುಳುಕು ಮೌನವಾಗಿ ಬೆಳೆಯುತ್ತದೆ. ಕಳಚಿ ಬಂದ ಕ್ಯಾಪನ್ನು ಬಾಯಲ್ಲಿಟ್ಟು ಕಚ್ಚಿ ಕೂರಿಸಲು ಹೋಗಬೇಡಿ, ಓರೆಯಾಗಿ ಕುಳಿತ ಪೋಸ್ಟ್ ಬೇರನ್ನು ಸೀಳೀತು. ಅಂಗಡಿಯ ಅಂಟು ಹಚ್ಚುವುದಂತೂ ಸರ್ವಥಾ ಕೂಡದು. ಒಂದು ಡಬ್ಬಿಯಲ್ಲಿಟ್ಟು ವೈದ್ಯರಲ್ಲಿಗೆ ಒಯ್ಯಿರಿ. ಪೋಸ್ಟಿರುವ ಹಲ್ಲಿನ ಒಸಡಿನಲ್ಲಿ ಒಂದೇ ಜಾಗದಲ್ಲಿ ಪದೇ ಪದೇ ಕೀವಿನ ಗುಳ್ಳೆ ಎದ್ದರೆ, ಕಚ್ಚಿದಾಗ ಚುಚ್ಚಿದಂತೆ ನೋವಾದರೆ ಬೇರು ಸೀಳಿರುವ ಸಂಶಯವಿದೆ. ಈ ಸೀಳು ಎಕ್ಸ್‌ರೇಯಲ್ಲಿ ಹಲವು ಬಾರಿ ಕಾಣುವುದಿಲ್ಲ. ಮಾತ್ರೆಯಿಂದ ಕೀವು ಇಳಿದೀತು, ಸೀಳು ಕೂಡಿಕೊಳ್ಳದು.

ವಾಳೆಗಳಲ್ಲಿ ಆರೋಗ್ಯ ಶಿಬಿರ ಏರ್ಪಡಿಸುವ ಕಾರ್ಯಕರ್ತರು ಹಲ್ಲು ಕೀಳಿಸುವ, ಶುಚಿ ಮಾಡಿಸುವ ಕೆಲಸದ ಜೊತೆಗೆ ಒಂದು ಮಾತನ್ನು ಕೇಳಿಕೊಂಡರೆ ಬಹಳ ಉಪಕಾರ: ರೂಟ್ ಕೆನಾಲ್ ಆದ ಮೇಲೆ ಕ್ಯಾಪ್ ಮಾಡಿಸಿದ್ದೀರಾ? ಇಲ್ಲ ಎಂದವರನ್ನು ಕೂಡಲೇ ವೈದ್ಯರಲ್ಲಿಗೆ ಕಳುಹಿಸಿದರೆ ಎಷ್ಟೋ ಹಲ್ಲುಗಳು ಉಳಿದಾವು. ಆ ಹಿರಿಯರು ಈಗ ತೆನೆ ಹಬ್ಬದಂದು ತಮ್ಮ ಪಾಲಿನ ಕಬ್ಬನ್ನು ಮೊಮ್ಮಕ್ಕಳಿಗೆ ಕೊಟ್ಟುಬಿಡುತ್ತಾರೆ. ಶಿಕ್ಷಕಿ ಇನ್ನೂ ಕಬ್ಬು ತಿನ್ನುತ್ತಾರೆ, ಆದರೆ ಚೂರಿಯಿಂದ ಸಣ್ಣಗೆ ಕತ್ತರಿಸಿಕೊಂಡು, ದವಡೆಯಲ್ಲಿ ಅಗಿದು. ಕಟ್ಟಿಸಿಕೊಂಡ ಹಲ್ಲಿರುವ ನಾವೆಲ್ಲರೂ ಅನುಸರಿಸಬೇಕಾದ ಕ್ರಮ ಅದೇ.